ವಿಳಾಸ ಬದಲಿಸಿದ ಕರ್ನಲ್

ಸಿಂಹಾಚಲದ ವರಾಹಲಕ್ಷ್ಮೀನರಸಿಂಹ ಸ್ವಾಮಿಯ ಮೂಲಮೂರ್ತಿ ವರ್ಷವಿಡೀ ಗಂಧದ ಲೇಪನದೊಳಗೆ ಇರುತ್ತದೆ. ಭಕ್ತರು ನೋಡುವುದು ಲಿಂಗಾಕಾರದ ಒಂದು ಗಂಧದ ರಾಶಿಯನ್ನು. ವೈಶಾಖ ಶುದ್ಧ ತದಿಗೆಯಂದು, ಅಕ್ಷಯ ತೃತೀಯೆಯ ಆ ಒಂದೇ ದಿನ, ಗಂಧವನ್ನು ತೆಗೆದು ನಿಜರೂಪ ದರ್ಶನಕ್ಕೆ ಅವಕಾಶ ಮಾಡಿಕೊಡುತ್ತಾರೆ. ಅಂದು ರಾತ್ರಿಯೇ ಮತ್ತೆ ಲೇಪನ ಮೊದಲಾಗಿ, ಮುಂದೆ ಹಂತಹಂತವಾಗಿ ಮೂರ್ತಿ ಮುಚ್ಚಿಹೋಗುತ್ತದೆ. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಕನ್ನಡಿಗರು ಮೊದಲ ವರ್ಷದಲ್ಲಿಯೇ ಅರಿಯುವ ಸಂಗತಿಗಳಲ್ಲಿ ಇದೊಂದು.

ಕಂಪ್ಯೂಟರಿನ ಮೆಮೊರಿಗೂ ಇಂಥದೊಂದು ನಿಜರೂಪವುಂಟು. ಯಂತ್ರ ನಡೆಯುತ್ತಿರುವಷ್ಟು ಕಾಲವೂ ಯಾವ ಪ್ರೋಗ್ರಾಮೂ ಅದನ್ನು ನೇರವಾಗಿ ಕಾಣುವುದಿಲ್ಲ. ಪ್ರತಿಯೊಂದಕ್ಕೂ ಕಾಣುವುದು ಅದರ ಮೇಲೆ ಹರಡಿದ ಕಲ್ಪಿತ ವಿಳಾಸಗಳ ಒಂದು ಪದರ. ಆ ಪದರವನ್ನು ಹರಡುವುದು ಆಪರೇಟಿಂಗ್ ಸಿಸ್ಟಮ್ಮಿನ ಗರ್ಭದಲ್ಲಿರುವ ಕರ್ನಲ್. ಹರಡುವ ಮೊದಲು, ಸ್ವಿಚ್ ಒತ್ತಿದ ಮೇಲಿನ ಅತ್ಯಲ್ಪ ಕಾಲ, ಕರ್ನಲ್ಲೇ ಬರಿಯ ಮೆಮೊರಿಯ ಮೇಲೆ ಬರಿಗಾಲಿನಲ್ಲಿ ನಡೆಯಬೇಕು. ಆ ಗಳಿಗೆಯಲ್ಲಿ ತಪ್ಪಾದರೆ ತಪ್ಪಾಯಿತೆಂದು ಹೇಳಲು ಕೂಡ ಬಾಯಿಲ್ಲ. ಪರದೆ ಕಪ್ಪಗಿರುತ್ತದೆ, ಅಥವಾ ಯಂತ್ರ ಮತ್ತೆ ಮತ್ತೆ ತಾನೇ ಹೊಸದಾಗಿ ಶುರುವಾಗುತ್ತಿರುತ್ತದೆ. ಈ ಮೂಕ ಗಳಿಗೆಯ ದೋಷಗಳನ್ನು ಹುಡುಕುವ ವಿದ್ಯೆಗೆ ಅರವತ್ತು ವರ್ಷಗಳ ಚರಿತ್ರೆಯಿದೆ, ಅದರಲ್ಲಿ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ. ಕನ್ನಡದಲ್ಲಿ ಅದರ ಬಗೆಗೆ ಬರಹ ನಮ್ಮ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಚರಿತ್ರೆಯನ್ನು ನಾವು ಕಂಪನಿಗಳ ಚರಿತ್ರೆಯಾಗಿ, ಸಂಬಳ ಮತ್ತು ಸೈಟುಗಳ ಚರಿತ್ರೆಯಾಗಿ, ಭಾಷೆ ಕಳೆದುಕೊಂಡ ನಗರದ ಅಳಲಾಗಿ ಬೇಕಾದಷ್ಟು ಬರೆದಿದ್ದೇವೆ. ಅಲ್ಲಿ ಕುಳಿತವರು ಏನು ಬರೆದರು ಎಂಬುದನ್ನು ಬರೆದದ್ದು ಕಡಿಮೆ.

ಇಂಗ್ಲಿಷ್ ಸಾಹಿತ್ಯ ಓದಿ ಕೇಂದ್ರ ಸರ್ಕಾರದ ಕಡತಗಳ ನಡುವೆ ಇರುವ ನಮಗೆ ಈ ವಿಷಯದಲ್ಲಿ ಏನಧಿಕಾರ ಎಂದು ಓದುಗರು ಕೇಳಬಹುದು. ಲಿನಕ್ಸ್ ಕರ್ನಲ್ಲಿನ ಪ್ರತಿಯೊಂದು ತಿದ್ದುಪಡಿಗೂ ದಿನಾಂಕ, ಕರ್ತೃ, ಕಾರಣ, ಒಪ್ಪಿಗೆಯ ಸಹಿ ಇವೆ. ಎಲ್ಲವೂ ಬಹಿರಂಗ ದಾಖಲೆ. ಶಾಸನ ಓದುವ ತಾಳ್ಮೆಯುಳ್ಳವರು ಇವನ್ನೂ ಓದಬಹುದು.

ಮೊದಲು ವಿಳಾಸದ ಮಾತು. ಸರ್ಕಾರಿ ನೌಕರನ ಸೇವಾ ಪುಸ್ತಕದಲ್ಲಿ ಎರಡು ವಿಳಾಸಗಳಿರುತ್ತವೆ, ಖಾಯಂ ವಿಳಾಸ ಒಂದು, ಹಾಲಿ ವಿಳಾಸ ಒಂದು. ಖಾಯಂ ವಿಳಾಸ ಹಾಸನ ಜಿಲ್ಲೆಯ ಯಾವುದೋ ಹಳ್ಳಿ, ಹಾಲಿ ವಿಳಾಸ ವಿಶಾಖಪಟ್ಟಣದ ಯಾವುದೋ ಕ್ವಾರ್ಟರ್ಸ್. ಕರ್ನಲ್ಲಿನ ಲೋಕದಲ್ಲಿ ಪ್ರೋಗ್ರಾಮುಗಳು ಬಳಸುವುದೆಲ್ಲ ಖಾಯಂ ವಿಳಾಸ, ತಂತ್ರಜ್ಞರ ಮಾತಿನಲ್ಲಿ ವರ್ಚುಯಲ್ ವಿಳಾಸ. ಮೆಮೊರಿ ಚಿಪ್ಪಿನಲ್ಲಿ ವಸ್ತು ನಿಜಕ್ಕೂ ಇರುವ ಜಾಗ ಹಾಲಿ ವಿಳಾಸ, ಅಂದರೆ ಫಿಸಿಕಲ್ ವಿಳಾಸ. ಎರಡನ್ನೂ ಹೊಂದಿಸುವ ರಿಜಿಸ್ಟರೇ ಪೇಜ್ ಟೇಬಲ್. ಮೆಮೊರಿಯನ್ನು ಸಮಾನ ಪುಟಗಳಾಗಿ ಕತ್ತರಿಸಿ ಹೀಗೆ ಹೊಂದಿಸುವ ಉಪಾಯ ಮೊದಲು ನಡೆದದ್ದು 1962ರಲ್ಲಿ ಬಳಕೆಗೆ ಬಂದ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರದಲ್ಲಿ. ಮೇಜಿನ ಮೇಲಿನ ಕಂಪ್ಯೂಟರಿಗೆ ಅದು ಇಳಿದದ್ದು 1985ರಲ್ಲಿ, ಇಂಟೆಲ್ಲಿನ 80386 ಪ್ರೊಸೆಸರಿನೊಂದಿಗೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಹುಟ್ಟಿದ್ದೇ 386ರ ಮೇಲೆ.

ಈ ವಂಶದ ಯಂತ್ರಗಳ ಬೆಳಗಿನ ಹೊತ್ತು ಹಳೆಯ ಋಣಗಳಿಂದ ತುಂಬಿದೆ. ಒಂದನ್ನು ಹೇಳದೆ ಮುಂದೆ ಹೋಗಲಾಗದು. 1981ರ ಐಬಿಎಂ ಪಿಸಿಯ ಪ್ರೊಸೆಸರಿಗೆ ಇದ್ದದ್ದು ಇಪ್ಪತ್ತು ವಿಳಾಸ ತಂತಿಗಳು. ಅವುಗಳಿಂದ ಮುಟ್ಟಬಹುದಾದ ಮೆಮೊರಿ 1 ಎಂಬಿ. ಅದಕ್ಕಿಂತ ಮುಂದಿನ ವಿಳಾಸ ಹೇಳಿದರೆ ಯಂತ್ರ ಸುತ್ತಿಕೊಂಡು ಮತ್ತೆ ಸೊನ್ನೆಗೆ ಬರುತ್ತಿತ್ತು. ಕೆಲವು ಪ್ರೋಗ್ರಾಮುಗಳು ಈ ಸುತ್ತುವಿಕೆಯನ್ನೇ ನಂಬಿಕೊಂಡು ಬದುಕಿದ್ದವು. 1984ರ ಪಿಸಿ ಎಟಿಯಲ್ಲಿ ಇಪ್ಪತ್ತನಾಲ್ಕು ತಂತಿಗಳಾದವು. ಸುತ್ತುವಿಕೆ ನಿಂತಿತು, ಹಳೆಯ ಪ್ರೋಗ್ರಾಮುಗಳು ಕೆಡುವ ಭಯವಾಯಿತು. ಆಗ ಐಬಿಎಂ ಮಾಡಿದ ಉಪಾಯವೆಂದರೆ ಇಪ್ಪತ್ತೊಂದನೆಯ ತಂತಿಗೆ ಒಂದು ಬಾಗಿಲು ಹಾಕಿ, ಆ ಬಾಗಿಲ ಚಿಲಕವನ್ನು ಕೀಬೋರ್ಡ್ ನೋಡಿಕೊಳ್ಳುವ ಚಿಪ್ಪಿನಲ್ಲಿ ಖಾಲಿ ಉಳಿದಿದ್ದ ಒಂದು ಕಾಲಿಗೆ ಕಟ್ಟಿದ್ದು! ಸೊನ್ನೆಯಿಂದ ಎಣಿಸಿ ಅದನ್ನು ಎ20 ಎಂದು ಕರೆದರು. ಮುಂದೆ ದಶಕಗಳ ಕಾಲ ಈ ವಂಶದ ಪ್ರತಿಯೊಂದು ಕರ್ನಲ್ಲೂ ಕಣ್ಣು ಬಿಟ್ಟೊಡನೆ ಈ ಚಿಲಕ ತೆಗೆಯಬೇಕಾಯಿತು. ಲಿನಕ್ಸಿನ ಬೂಟ್ ಭಾಗ ಚಿಲಕ ತೆಗೆದು ಸುಮ್ಮನಾಗುವುದಿಲ್ಲ; ಕೆಳಗಿನ ಒಂದು ವಿಳಾಸದಲ್ಲಿ ಏನೋ ಬರೆದು, ಸರಿಯಾಗಿ ಒಂದು ಎಂಬಿ ಮೇಲಿನ ವಿಳಾಸದಲ್ಲಿ ಅದೇ ಕಾಣಿಸುತ್ತದೆಯೇ ಎಂದು ನೋಡುತ್ತದೆ. ಕಂಡರೆ ಎರಡು ಜಾಗಗಳು ಇನ್ನೂ ಒಂದೇ ಆಗಿವೆ, ಬಾಗಿಲು ತೆರೆದಿಲ್ಲ ಎಂದರ್ಥ. ಕರ್ನಲ್ಲನ್ನು ಇಡುವುದೇ 1 ಎಂಬಿಯ ಗುರುತಿನಲ್ಲಾದ್ದರಿಂದ ಇದು ಕ್ಷುಲ್ಲಕವಲ್ಲ.

ಆಮೇಲೆ ಮೆಮೊರಿಯ ಸರ್ವೆ. ಎಲ್ಲಿಂದ ಎಲ್ಲಿಗೆ ಬಳಸಬಹುದು, ಎಲ್ಲಿ ಯಂತ್ರಾಂಶ ತನಗಾಗಿ ಮೀಸಲಿಟ್ಟುಕೊಂಡಿದೆ ಎಂಬ ಪಟ್ಟಿಯನ್ನು ಯಂತ್ರದ ಮೂಲ ತಂತ್ರಾಂಶವಾದ ಬಯೋಸ್ ಕೊಡುತ್ತದೆ. ಅದನ್ನು ಕೇಳುವ ಸಂಕೇತ ಸಂಖ್ಯೆಯ ಮೇಲೆ ಇದಕ್ಕೆ ಇ820 ನಕ್ಷೆ ಎಂಬ ಹೆಸರು ನಿಂತಿದೆ. ನಮ್ಮ ಕಡೆಯ ಪಹಣಿಯಲ್ಲಿ ಖರಾಬು ಎಂದೂ ಆಂಧ್ರದ ಕಡೆ ಪೋರಂಬೋಕು ಎಂದೂ ಬರೆಯುವ ಜಾಗಗಳಂತೆ, ಅಲ್ಲಿಯೂ ಮುಟ್ಟಬಾರದ ತುಂಡುಗಳು ಇರುತ್ತವೆ. 640 ಕೆಬಿಯಿಂದ 1 ಎಂಬಿವರೆಗಿನ ಕಂದಕ ಅದರಲ್ಲಿ ಹಳೆಯದು. ಬಯೋಸ್ ಬರೆದವರು ಯಾವಾಗಲೂ ಶುದ್ಧವಾಗಿ ಬರೆಯಲಿಲ್ಲ. ಒಂದರ ಮೇಲೊಂದು ಬಿದ್ದ ಗಡಿಗಳು, ಒಂದೇ ಜಾಗಕ್ಕೆ ಎರಡು ಹಕ್ಕುಗಳು, ಎಲ್ಲವೂ ಬಂದವು. ಅದಕ್ಕಾಗಿ ಲಿನಕ್ಸಿನಲ್ಲಿ ಈ ನಕ್ಷೆಯನ್ನು ತೊಳೆದು ಒಪ್ಪ ಮಾಡುವ ಒಂದು ಪ್ರತ್ಯೇಕ ಭಾಗವೇ ಇದೆ. ಲಿನಕ್ಸ್ ಏಳುವಾಗ ಪರದೆಯ ಮೇಲೆ ಹರಿಯುವ ಸಾಲುಗಳಲ್ಲಿ ಈ ಪಟ್ಟಿಯ ತಲೆಬರಹ ‘ಬಯೋಸ್ ಒದಗಿಸಿದ ನಕ್ಷೆ’ ಎಂಬ ಅರ್ಥದ್ದು. ‘ಒದಗಿಸಿದ’ ಎಂಬ ಆ ಒಂದು ಪದ ನಮಗೆ ಬಹಳ ಇಷ್ಟ. ಹೇಳಿದ್ದು ಅವರು, ಹೊಣೆ ನಮ್ಮದಲ್ಲ ಎಂಬ ಚರಿತ್ರಕಾರನ ಎಚ್ಚರ ಅದರಲ್ಲಿದೆ.

ಈಗ ನಿಜವಾದ ಕಷ್ಟ. 32 ಬಿಟ್ಟಿನ ಲಿನಕ್ಸ್ ಕರ್ನಲ್ ತನ್ನ ಖಾಯಂ ವಿಳಾಸ 3 ಜಿಬಿ ಗುರುತಿನ ಮೇಲೆ ಇದೆ ಎಂದು ಭಾವಿಸಿ ಬರೆಯಲ್ಪಟ್ಟದ್ದು. ಆದರೆ ಯಂತ್ರ ಏಳುವಾಗ ಅದು ಮಲಗಿರುವುದು 1 ಎಂಬಿಯಲ್ಲಿ. ಪೇಜ್ ಟೇಬಲ್ ಇನ್ನೂ ಜಾರಿಗೆ ಬಂದಿಲ್ಲ. ಆದ್ದರಿಂದ ಮೊದಲ ಕೆಲವು ಸಾಲುಗಳಲ್ಲಿ ಯಾವ ಹೆಸರನ್ನು ಉಚ್ಚರಿಸಿದರೂ ಅದರಿಂದ 3 ಜಿಬಿಯನ್ನು ಕೈಯಿಂದ ಕಳೆದು ಉಚ್ಚರಿಸಬೇಕು. ಒಂದು ಕಡೆ ಕಳೆಯುವುದು ತಪ್ಪಿಹೋದರೆ ಯಂತ್ರ ಇಲ್ಲದ ಮನೆಯ ಬಾಗಿಲು ತಟ್ಟುತ್ತದೆ. ಇನ್ನು, ಪೇಜ್ ಟೇಬಲ್ಲನ್ನು ಜಾರಿಗೆ ತರುವ ಆಜ್ಞೆಯೇ ಒಂದು ವಿಚಿತ್ರ ಹೊಸ್ತಿಲು. ಆ ಆಜ್ಞೆಯ ಈಚೆಗೆ ಎಲ್ಲ ವಿಳಾಸವೂ ಹಾಲಿ, ಆಚೆಗೆ ಎಲ್ಲ ವಿಳಾಸವೂ ಖಾಯಂ. ಹೊಸ್ತಿಲು ದಾಟುತ್ತಿರುವ ಪ್ರೊಸೆಸರಿಗೆ ಮುಂದಿನ ಸಾಲು ಎಲ್ಲಿದೆ ಎಂಬ ನೆನಪು ಮಾತ್ರ ಇನ್ನೂ ಹಾಲಿ ವಿಳಾಸದ್ದೇ. ಪರಿಹಾರವಾಗಿ ಆ ಗಳಿಗೆಗೆ ಮಾತ್ರ ಒಂದೇ ಮೆಮೊರಿಯನ್ನು ರಿಜಿಸ್ಟರಿನಲ್ಲಿ ಎರಡು ಕಡೆ ನಮೂದಿಸುತ್ತಾರೆ, ಸೊನ್ನೆಯಿಂದ ಒಂದು ಸಲ, 3 ಜಿಬಿಯಿಂದ ಇನ್ನೊಂದು ಸಲ. ಹಳೆಯ ಲಿನಕ್ಸಿನಲ್ಲಿ ಹೀಗೆ ಮೊದಲಿಗೆ ನಮೂದಾಗುತ್ತಿದ್ದದ್ದು 8 ಎಂಬಿ ಮಾತ್ರ. ದಾಟಿ ಮೇಲಿನ ವಿಳಾಸಕ್ಕೆ ಜಿಗಿದ ನಂತರ ಕೆಳಗಿನ ನಮೂದನ್ನು ಅಳಿಸುತ್ತಾರೆ. ಉಳಿದ ಮೆಮೊರಿಯ ಮೇಲೆ ಪದರ ಹರಡುವುದು ಆಮೇಲೆ, ಹಂತಹಂತವಾಗಿ.

ಹೊಸ್ತಿಲಲ್ಲಿ ಎಡವಿದರೆ ಏನಾಗುತ್ತದೆ? ಇಲ್ಲದ ವಿಳಾಸ ಮುಟ್ಟಿದ ಪ್ರೊಸೆಸರ್ ದೂರು ಕೊಡಲು ಹೋಗುತ್ತದೆ. ದೂರು ಸ್ವೀಕರಿಸುವ ಅಧಿಕಾರಿ ಇನ್ನೂ ನೇಮಕವಾಗಿಲ್ಲ. ದೂರು ಕೊಡಲಾಗಲಿಲ್ಲ ಎಂಬುದೇ ಎರಡನೆಯ ದೂರು. ಅದನ್ನು ಕೇಳುವವರೂ ಇಲ್ಲದಿದ್ದಾಗ ಪ್ರೊಸೆಸರ್ ಕೈಚೆಲ್ಲಿ ಯಂತ್ರವನ್ನೇ ಮರಳಿ ಆರಂಭಿಸುತ್ತದೆ. ಇದಕ್ಕೆ ಟ್ರಿಪಲ್ ಫಾಲ್ಟ್ ಎನ್ನುತ್ತಾರೆ. ಬೇಕೆಂದೇ ಯಂತ್ರವನ್ನು ಮರಳಿ ಆರಂಭಿಸಲು ಲಿನಕ್ಸ್ ಇರಿಸಿಕೊಂಡಿರುವ ದಾರಿಗಳಲ್ಲಿ ಇದೂ ಒಂದು ಎಂಬುದು ತಮಾಷೆ.

ಇಂಥ ಮೂಕತನದಲ್ಲಿ ದೋಷ ಹುಡುಕುವವರ ಉಪಾಯಗಳು ಹಳ್ಳಿಯ ನಾಟಿವೈದ್ಯದಂತೆ ಸರಳ, ಒರಟು. ಅನುಮಾನ ಬಂದ ಸಾಲಿನ ಮುಂದೆ ಕೊನೆಯಿಲ್ಲದೆ ಸುತ್ತುವ ಒಂದು ಆಜ್ಞೆ ಇಡುವುದು. ಯಂತ್ರ ಮರಳಿ ಆರಂಭವಾಗದೆ ಸ್ತಬ್ಧವಾಗಿ ನಿಂತರೆ ಅಲ್ಲಿಯವರೆಗೆ ಬಂದಿತು ಎಂದು ಗೊತ್ತಾಯಿತು. ಆಜ್ಞೆಯನ್ನು ನಾಲ್ಕು ಸಾಲು ಕೆಳಗೆ ಸರಿಸಿ ಮತ್ತೆ ನೋಡುವುದು. ಪರದೆಯ ಮೆಮೊರಿಗೆ ನೇರವಾಗಿ ಒಂದು ಅಕ್ಷರ ಬರೆಯುವುದು. ಸೀರಿಯಲ್ ಕೇಬಲ್ ಹಾಕಿ ಪಕ್ಕದ ಯಂತ್ರಕ್ಕೆ ಒಂದೊಂದೇ ಅಕ್ಷರ ಕಳಿಸುವುದು. ಲಿನಕ್ಸಿನ ‘ಅರ್ಲಿ ಪ್ರಿಂಟ್‌ಕೆ’ ಈ ಪದ್ಧತಿಗೆ ಕೊಟ್ಟ ಶಾಸ್ತ್ರೀಯ ರೂಪ. ನಂತರ ಬೋಕ್ಸ್, ಕ್ಯೂಎಮು ಮುಂತಾದ ಯಂತ್ರದೊಳಗಣ ಯಂತ್ರಗಳು ಬಂದು, ಪ್ರೊಸೆಸರನ್ನು ಒಂದೊಂದು ಹೆಜ್ಜೆಗೂ ನಿಲ್ಲಿಸಿ ನೋಡುವ ಸೌಕರ್ಯವಾಯಿತು. ಆದರೂ ನಿಜವಾದ ಯಂತ್ರದ ಮೇಲಷ್ಟೇ ಕಾಣಿಸುವ ರೋಗಕ್ಕೆ ಇಂದಿಗೂ ಸೀರಿಯಲ್ ಕೇಬಲ್ಲೇ ಗತಿ.

ಬೆಂಗಳೂರಿನ ಅಧ್ಯಾಯ ಶುರುವಾಗುವುದು ಹುಟ್ಟಿನಿಂದಲ್ಲ, ಸಾವಿನಿಂದ. ಬ್ಯಾಂಕಿನದೋ ಬಂದರಿನದೋ ಸರ್ವರ್ ಒಂದು ರಾತ್ರಿ ನಡುವೆಯೇ ಸಾಯುತ್ತದೆ. ಕಾರಣ ಸಿಗದಿದ್ದರೆ ಅದು ಮತ್ತೆ ಸಾಯುತ್ತದೆ. ಕಾರಣವಿರುವುದು ಸಾವಿನ ಕ್ಷಣದ ಮೆಮೊರಿಯಲ್ಲಿ, ಆದ್ದರಿಂದ ಆ ಮೆಮೊರಿಯ ಸ್ಥಳ ಮಹಜರು ಆಗಬೇಕು. ಮಾಡುವವರಾರು? 1999ರ ಸುಮಾರಿಗೆ ಎಸ್‌ಜಿಐ ಕಂಪನಿಯಲ್ಲಿ ಹುಟ್ಟಿದ ಎಲ್‌ಕೆಸಿಡಿ, ಆನಂತರದ ರೆಡ್ ಹ್ಯಾಟ್ ಕಂಪನಿಯ ನೆಟ್‌ಡಂಪ್, ಡಿಸ್ಕ್‌ಡಂಪ್ ಎಲ್ಲವೂ ಸಾಯುತ್ತಿರುವ ಕರ್ನಲ್ಲಿನ ಕೈಯಿಂದಲೇ ಮಹಜರು ಬರೆಸುವ ಪದ್ಧತಿಗಳು. ಯಾವ ಡ್ರೈವರಿನಿಂದ ಕರ್ನಲ್ ಕೆಟ್ಟಿತೋ ಅದೇ ಡ್ರೈವರ್ ಡಿಸ್ಕಿಗೆ ಸಾಕ್ಷ್ಯ ಬರೆಯಬೇಕಾದ ಪ್ರಸಂಗ. ಆರೋಪಿಯ ಕೈಗೆ ಮಹಜರಿನ ಕಾಗದ ಕೊಟ್ಟ ಹಾಗೆ. ಯಂತ್ರ ಆರಿಸಿ ಮತ್ತೆ ಹಚ್ಚೋಣವೆಂದರೆ ಬಯೋಸ್ ಮೆಮೊರಿಯನ್ನು ತುಳಿದು ಸಾಕ್ಷ್ಯ ಅಳಿಸಿಬಿಡುತ್ತದೆ.

ಅಮೆರಿಕದ ಎರಿಕ್ ಬೀಡರ್‌ಮನ್ ಆಗ ಕೆಎಕ್ಸೆಕ್ ಎಂಬುದನ್ನು ಬರೆಯುತ್ತಿದ್ದರು. ನಡೆಯುತ್ತಿರುವ ಕರ್ನಲ್ಲಿನಿಂದ ನೇರವಾಗಿ, ಬಯೋಸನ್ನು ದಾಟದೆಯೇ, ಇನ್ನೊಂದು ಕರ್ನಲ್ಲಿಗೆ ಹಾರುವ ವಿದ್ಯೆ ಅದು. ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನಲ್ಲಿದ್ದ ಹರಿಪ್ರಸಾದ್ ನೆಲ್ಲಿತೀರ್ಥ, ವಿವೇಕ್ ಗೋಯಲ್, ಮನೀಶ್ ಸೋನಿ ಮೊದಲಾದವರು ಅದರ ಮೇಲೆ ಕಟ್ಟಿದ್ದು ಕೆಡಂಪ್. ಮೊದಲ ಪ್ರಸ್ತಾವಗಳು 2004ರಲ್ಲಿ ಬಂದವು. 2005ರ ಜುಲೈ ತಿಂಗಳಲ್ಲಿ ಗೋಯಲ್, ಬೀಡರ್‌ಮನ್, ನೆಲ್ಲಿತೀರ್ಥ ಮೂವರ ಪ್ರಬಂಧ ಒಟ್ಟಾವಾದ ಲಿನಕ್ಸ್ ಸಮಾವೇಶದಲ್ಲಿ ಮಂಡನೆಯಾಯಿತು. ಆಗಸ್ಟಿನಲ್ಲಿ ಬಿಡುಗಡೆಯಾದ ಲಿನಕ್ಸ್ 2.6.13ರಲ್ಲಿ ಕೆಎಕ್ಸೆಕ್ ಮತ್ತು ಕೆಡಂಪ್ ಎರಡೂ ಸೇರಿದವು.

ನೆಲ್ಲಿತೀರ್ಥ ಎಂಬ ಹೆಸರು ಕೇಳಿದೊಡನೆ ದಕ್ಷಿಣ ಕನ್ನಡದ ಸೋಮನಾಥೇಶ್ವರನ ಗುಹೆ ನೆನಪಾಗುತ್ತದೆ, ಬಗ್ಗಿ ತೆವಳಿ ಒಳಹೋಗಬೇಕಾದ ಆ ಕತ್ತಲೆ. ಕೆಡಂಪಿನ ಕೆಲಸಕ್ಕೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಅದೇ ಕಾಲದಲ್ಲಿ, ನಡೆಯುವ ಕರ್ನಲ್ಲಿನೊಳಗೆ ಇಣುಕಿ ನೋಡುವ ಕೆಪ್ರೋಬ್ಸ್ ಎಂಬ ಸಾಧನದ ಪಾಲಕರ ಪಟ್ಟಿಯಲ್ಲಿ ಮಾವಿನಕಾಯನಹಳ್ಳಿ ಎಂಬ ಹೆಸರೂ ಕಾಣಿಸಿಕೊಂಡಿತು. ಹೆಲ್ಸಿಂಕಿಯಲ್ಲೋ ಟೋಕಿಯೋದಲ್ಲೋ ಕುಳಿತು ಆ ಕಡತ ತೆರೆದವರು ಈ ಕನ್ನಡ ಊರಿನ ಹೆಸರನ್ನು ಹೇಗೆ ಉಚ್ಚರಿಸಿದರೋ!

ಕೆಡಂಪಿನ ತಂತ್ರ ಹೇಳಲು ಸುಲಭ. ಮೊದಲ ಕರ್ನಲ್ ಏಳುವಾಗಲೇ ಮೆಮೊರಿಯಲ್ಲಿ ಒಂದು ತುಂಡನ್ನು ಬೇಲಿ ಹಾಕಿ ಬಿಡುತ್ತದೆ. ಅಂದಿನ ಕೈಪಿಡಿಯ ಉದಾಹರಣೆಯಲ್ಲಿ ಅದು 16 ಎಂಬಿ ಗುರುತಿನಿಂದ ಮುಂದೆ 64 ಎಂಬಿ. ಮನೆಯ ಕಂಪ್ಯೂಟರಿಗೆ 128, 256 ಎಂಬಿ ಮೆಮೊರಿ ಸಾಮಾನ್ಯವಾಗಿದ್ದ ಕಾಲದಲ್ಲಿ ಅದು ಸಣ್ಣ ಜಮೀನಲ್ಲ. ಆ ಬೇಲಿಯೊಳಗೆ ಎರಡನೆಯ ಕರ್ನಲ್ಲನ್ನು ಮೊದಲೇ ತಂದು ಮಲಗಿಸಿರುತ್ತಾರೆ. ಮೊದಲನೆಯದು ಸತ್ತ ಕ್ಷಣ ಉಳಿದ ಪ್ರೊಸೆಸರುಗಳನ್ನು ತಡೆಯಲಾಗದ ಕರೆಯೊಂದರಿಂದ ನಿಲ್ಲಿಸಿ, ಅವುಗಳ ಸ್ಥಿತಿಯನ್ನು ಬರೆದಿಟ್ಟು, ಎರಡನೆಯದಕ್ಕೆ ಹಾರುತ್ತದೆ. ಎದ್ದ ಎರಡನೆಯ ಕರ್ನಲ್ ತನ್ನ ಬೇಲಿಯೊಳಗೇ ಕುಳಿತು, ಸತ್ತವನ ಮೆಮೊರಿಯನ್ನು ಒಂದು ಕಡತದಂತೆ ತೆರೆದು, ಡಿಸ್ಕಿಗೆ ಪ್ರತಿ ಮಾಡುತ್ತದೆ. ಸತ್ತ ಕರ್ನಲ್ಲಿನ ಸಾಧನಗಳು ಆಗಲೂ ಮೆಮೊರಿಗೆ ಏನನ್ನಾದರೂ ಬರೆಯುತ್ತಿರಬಹುದು. ಆದರೆ ಬೇಲಿಯೊಳಗಿನ ಜಾಗವನ್ನು ಅವುಗಳಿಗೆ ಎಂದೂ ತೋರಿಸಿಯೇ ಇಲ್ಲವಾದ್ದರಿಂದ ಸಾಕ್ಷಿದಾರ ಕ್ಷೇಮ. ಈ ಕೊನೆಯ ಅಂಶದಲ್ಲಿರುವ ವಿವೇಕವನ್ನು ನಾವು ಇಡೀ ವಿನ್ಯಾಸದ ಜೀವಾಳವೆಂದು ಭಾವಿಸುತ್ತೇವೆ. ಕೆಟ್ಟವನನ್ನು ಸರಿಪಡಿಸುವ, ತಡೆಯುವ ಯಾವ ಆಸೆಯೂ ಅಲ್ಲಿಲ್ಲ. ಅವನು ತುಳಿಯಲಾಗದ ಕಡೆ ನಿಂತರೆ ಸಾಕು.

ಎರಡು ಕರ್ನಲ್ಲುಗಳ ನಡುವೆ ಒಂದು ಪುಟ್ಟ ಸೇತುವೆಯುಂಟು, ಅದರ ಹೆಸರು ಪರ್ಗೆಟರಿ. ಇಂಗ್ಲಿಷ್ ತರಗತಿಯಲ್ಲಿ ಡಾಂಟೆಯನ್ನು ಓದಿದವರಿಗೆ ಇದು ನರಕಕ್ಕೂ ಸ್ವರ್ಗಕ್ಕೂ ನಡುವಿನ ತೊಳೆಯುವ ತಾಣ. ನಮ್ಮ ಕಡೆಯವರಿಗೆ ಹೇಳುವುದಾದರೆ ಸಪಿಂಡೀಕರಣಕ್ಕೆ ಮುಂಚಿನ ಆ ಹನ್ನೊಂದು ದಿನ. ಹಾರುವ ಮೊದಲು ಈ ಭಾಗ ಎರಡನೆಯ ಕರ್ನಲ್ಲಿನ ಗಣಿತ ಮುದ್ರೆಯನ್ನು ಪರೀಕ್ಷಿಸಿ, ಸಾಯುವವನು ಅದನ್ನು ಕೆಡಿಸಿಲ್ಲವೆಂದು ಖಚಿತಪಡಿಸಿಕೊಳ್ಳುತ್ತದೆ. ಹಳೆಯ ಋಣದ ಫಲವಾಗಿ ಎರಡನೆಯ ಕರ್ನಲ್ಲಿಗೂ ಏಳಲು ಮೊದಲ 640 ಕೆಬಿ ಬೇಕು, ಆದ್ದರಿಂದ ಆ ಭಾಗದ ಸಾಕ್ಷ್ಯವನ್ನು ಬೇಲಿಯೊಳಗೆ ಪ್ರತಿ ಮಾಡಿಟ್ಟು ಮುಂದೆ ಬಿಡುತ್ತದೆ. ದೋಷ ಹುಡುಕುವವರು ಸೀರಿಯಲ್ ಕೇಬಲ್ ಹಾಕಿ ಕಾಯುತ್ತಿದ್ದದ್ದು ತಾನು ಪರ್ಗೆಟರಿಯಲ್ಲಿದ್ದೇನೆ ಎಂದು ಅದು ಸಾರುವ ಒಂದು ಸಾಲಿಗಾಗಿ. ಆ ಸಾಲು ಬಂದು ಆಮೇಲೆ ಏನೂ ಬರದಿದ್ದರೆ, ದೋಷ ಎರಡನೆಯ ಕರ್ನಲ್ಲಿನ ಬೆಳಗಿನ ಹೊತ್ತಿನಲ್ಲಿದೆ ಎಂದು ತಿಳಿಯಬೇಕು.

ಅಲ್ಲಿಯೇ ದೋಷಗಳು ದಂಡಿಯಾಗಿದ್ದವು. ಬಯೋಸಿನ ನಕ್ಷೆಯನ್ನು ಎರಡನೆಯ ಕರ್ನಲ್ ನಂಬಿದರೆ ಇಡೀ ಮೆಮೊರಿ ತನ್ನದೆಂದು ತಿಳಿದು ಸಾಕ್ಷ್ಯದ ಮೇಲೆಯೇ ಮನೆ ಕಟ್ಟುತ್ತದೆ. ಅದಕ್ಕೆ ‘ಸರ್ವೆ ನಂಬಬೇಡ, ನಾನು ಹೇಳಿದ ಗಡಿ ಮಾತ್ರ ನಿನ್ನದು’ ಎಂದು ಬೂಟಿನ ಆದೇಶದಲ್ಲಿಯೇ ಬರೆದು ಕಳಿಸಬೇಕಾಯಿತು. ಡ್ರೈವರುಗಳು ಬಯೋಸ್ ಒಪ್ಪವಾಗಿಟ್ಟ ಸಾಧನಗಳನ್ನು ಮಾತ್ರ ಕಂಡಿದ್ದವು. ಅರ್ಧ ಕೆಲಸದಲ್ಲಿ ಯಜಮಾನ ಸತ್ತ ಸಾಧನಗಳನ್ನು ಕಂಡು ಕಂಗೆಟ್ಟವು. ಮೊದಲು ಸಾಧನವನ್ನು ಶಾಂತಗೊಳಿಸಿ ಆಮೇಲೆ ಮುಟ್ಟಿರಿ ಎಂದು ಒಂದೊಂದು ಡ್ರೈವರಿಗೂ ಹೇಳಿಕೊಡಬೇಕಾಯಿತು.

ಎಲ್ಲಕ್ಕಿಂತ ಆಳದ ತೊಡಕು ವಿಳಾಸದ್ದು. ಅಂದಿನ ಕರ್ನಲ್ ಒಂದು ಗೊತ್ತಾದ ಜಾಗಕ್ಕೆಂದೇ ಕಟ್ಟಿದ್ದು. 1 ಎಂಬಿಗೆ ಕಟ್ಟಿದ್ದು 16 ಎಂಬಿಯಲ್ಲಿ ಏಳದು. ಹಾಗಾಗಿ ಎರಡು ಕರ್ನಲ್ಲುಗಳನ್ನು ಬೇರೆ ಬೇರೆಯಾಗಿ ಕಟ್ಟಬೇಕಿತ್ತು. ಕೆಲವು ವಿತರಕರು ಕೆಡಂಪಿಗೆಂದೇ ಇನ್ನೊಂದು ಕರ್ನಲ್ಲನ್ನು ಹಂಚಿದರು. ಇದು ನಿಲ್ಲಬೇಕಾದರೆ ಒಂದೇ ಕರ್ನಲ್ ಯಾವ ಜಾಗದಲ್ಲಿಟ್ಟರೂ ಏಳುವಂತಾಗಬೇಕು. ಬೀಡರ್‌ಮನ್ ಮತ್ತು ಗೋಯಲ್ ಆ ಕೆಲಸಕ್ಕಿಳಿದರು. 32 ಬಿಟ್ಟಿನ ಕರ್ನಲ್ಲಿಗೆ ಅದು 2007ರ ಫೆಬ್ರವರಿಯ 2.6.20ರಲ್ಲಿಯೂ 64 ಬಿಟ್ಟಿನದಕ್ಕೆ ಅದೇ ವರ್ಷ ಜುಲೈಯ 2.6.22ರಲ್ಲಿಯೂ ಬಂತು.

ಎರಡೂ ಕಡೆ ಹಿಡಿದ ದಾರಿ ಬೇರೆ. 32 ಬಿಟ್ಟಿನಲ್ಲಿ ಖಾಯಂ ವಿಳಾಸಕ್ಕೂ ಹಾಲಿ ವಿಳಾಸಕ್ಕೂ ನಡುವಿನ ಅಂತರ 3 ಜಿಬಿ ಎಂದು ನಿಶ್ಚಿತವಾದ್ದರಿಂದ ಒಂದು ಸರಿದರೆ ಇನ್ನೊಂದೂ ಸರಿಯಲೇಬೇಕು. ಕರ್ನಲ್ಲಿನಲ್ಲಿ ಎಲ್ಲೆಲ್ಲಿ ವಿಳಾಸ ಅಚ್ಚಾಗಿದೆಯೋ ಅಷ್ಟೂ ಜಾಗಗಳ ಪಟ್ಟಿಯನ್ನು ಅದರ ಬೆನ್ನಿಗೆ ಕಟ್ಟಿ, ಏಳುವಾಗ ಒಂದೊಂದನ್ನೂ ತಿದ್ದಿಸಿದರು. 64 ಬಿಟ್ಟಿನಲ್ಲಿ ಕರ್ನಲ್ಲಿನ ಬರಹಕ್ಕೆ ಪ್ರತ್ಯೇಕ ನಮೂದು ಇತ್ತು. ಅಲ್ಲಿ ಖಾಯಂ ವಿಳಾಸವನ್ನು ಹಾಗೆಯೇ ಬಿಟ್ಟು, ರಿಜಿಸ್ಟರನ್ನು ತಿದ್ದಿ, ಎಷ್ಟು ದೂರ ಸರಿದಿದ್ದೇವೆ ಎಂಬುದನ್ನು ಒಂದು ಸಂಖ್ಯೆಯಾಗಿ ನೆನಪಿಟ್ಟುಕೊಂಡರು. ಮೊದಲನೆಯದು ಊರಿನ ಜೊತೆ ಹೆಸರನ್ನೂ ಬದಲಿಸಿದಂತೆ. ಎರಡನೆಯದು ನಮ್ಮಂಥ ವರ್ಗಾವಣೆಯವರ ಪದ್ಧತಿ.

ಎರಡನೆಯ ದಾರಿಯಲ್ಲಿ ಒಂದು ಹಳೆಯ ಸಡಿಲು ಬಯಲಿಗೆ ಬಂತು. 64 ಬಿಟ್ಟಿನ ಕರ್ನಲ್ಲಿಗೆ ಒಂದೇ ಮೆಮೊರಿಯನ್ನು ಕರೆಯಲು ಎರಡು ಖಾಯಂ ವಿಳಾಸಗಳಿದ್ದವು. ಕರ್ನಲ್ಲಿನ ಸ್ವಂತ ಬರಹದ್ದು ಒಂದು, ಒಟ್ಟು ಮೆಮೊರಿಯನ್ನು ಸಾಲಾಗಿ ಹಾಸಿದ್ದು ಇನ್ನೊಂದು. ಅವುಗಳಿಂದ ಹಾಲಿ ವಿಳಾಸ ಕಂಡುಹಿಡಿಯಲು ಎರಡು ಸೂತ್ರಗಳೂ ಇದ್ದವು. ಬರೆಯುವವರು ಒಂದರ ಬದಲು ಇನ್ನೊಂದನ್ನು ಬಳಸಿದರೂ ಉತ್ತರ ಸಾಮಾನ್ಯವಾಗಿ ಸರಿ ಬರುತ್ತಿತ್ತು. ಕರ್ನಲ್ ಸರಿಯತೊಡಗಿದಾಗ ಈ ಅದಲು ಬದಲು ನಡೆಯದು. ಗೋಯಲ್ ಅವರ ಸಹಿಯಿರುವ 2007ರ ತಿದ್ದುಪಡಿಯೊಂದು ಈ ಎರಡು ಸೂತ್ರಗಳನ್ನು ಖಚಿತವಾಗಿ ಬೇರ್ಪಡಿಸಿತು. ಜೊತೆಗಿನ ಟಿಪ್ಪಣಿ ಕೆಲವೇ ಸಾಲಿನದು, ನಿರುದ್ವೇಗದ ಇಂಗ್ಲಿಷ್. ಆದರೆ ಅದರ ಹಿಂದಿರುವುದು ಕರ್ನಲ್ಲಿನ ಉದ್ದಗಲಕ್ಕೆ ಒಂದೊಂದು ಬಳಕೆಯನ್ನೂ ಹಿಡಿದು ‘ಇದು ಯಾವ ವಿಳಾಸ?’ ಎಂದು ಕೇಳುವ ಶ್ರಮ. ಇಂಥ ದೋಷ ಊರಿನಲ್ಲಿಯೇ ಇರುವಷ್ಟು ಕಾಲ ದೋಷವೆಂದೇ ತೋರುವುದಿಲ್ಲ. ಸ್ವಂತ ಹಳ್ಳಿಯಲ್ಲಿ ನೌಕರಿ ಮಾಡುವವನಿಗೆ ಅರ್ಜಿಯ ಎರಡು ಕಲಮುಗಳಲ್ಲಿ ಯಾವುದರಲ್ಲಿ ಏನು ಬರೆದರೂ ಕಾಗದ ಬಂದು ಸೇರುತ್ತದೆ. ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆಯೇ ಕಾಗದಗಳು ತಪ್ಪಿಹೋಗುವುದು.

ಚರಿತ್ರೆ ಬರೆಯುವವರಿಗೆ ಇಲ್ಲೊಂದು ಸ್ವಾರಸ್ಯವುಂಟು. ಕೃಷ್ಣದೇವರಾಯ ಕಳಿಂಗ ದಂಡಯಾತ್ರೆಯಲ್ಲಿ 1516ರಲ್ಲಿ ಸಿಂಹಾಚಲಕ್ಕೆ ಬಂದದ್ದನ್ನು ನಾವು ಅರಿತಿರುವುದು ಅವನು ಕಲ್ಲಿನ ಮೇಲೆ ಬರೆಸಿದ್ದರಿಂದ. ತಿಥಿ, ದಾನ, ದಾನಿ ಎಲ್ಲ ಅಲ್ಲಿವೆ. ಲಿನಕ್ಸಿನ ತಿದ್ದುಪಡಿಗಳಿಗೆ ಸಹಿ ಇರಬೇಕೆಂಬ ಕಟ್ಟಳೆ ಬಂದದ್ದು 2004ರಲ್ಲಿ, ಕರ್ನಲ್ಲಿನ ಒಡೆತನದ ಬಗೆಗೆ ಅಮೆರಿಕದಲ್ಲಿ ವ್ಯಾಜ್ಯ ಎದ್ದಿದ್ದ ಹೊತ್ತಿಗೆ. ತಿದ್ದುಪಡಿಗಳನ್ನು ಕಾಯುವ ಗಿಟ್ ಎಂಬ ಭಂಡಾರ ಆರಂಭವಾದದ್ದು 2005ರ ಏಪ್ರಿಲ್ 16ರಂದು. ಅದಕ್ಕೆ ಹಿಂದಿನ ಚರಿತ್ರೆಯನ್ನು ಟೋರ್ವಾಲ್ಡ್ಸ್ ಬೇಕೆಂದೇ ಅದರೊಳಗೆ ತರಲಿಲ್ಲ. ಕೆಡಂಪಿನ ತಿದ್ದುಪಡಿಗಳು ಒಳಬಂದದ್ದು ಅದೇ ಜೂನಿನಲ್ಲಿ. ಎಂದರೆ, ಕರ್ನಲ್ಲಿನ ಈಗಿನ ಶಾಸನ ಸಂಪುಟದ ಮೊದಲ ಕೆಲವು ಪುಟಗಳಲ್ಲಿಯೇ ಬೆಂಗಳೂರಿನ ವಿಳಾಸಗಳಿವೆ. ಬಿ. ಎಲ್. ರೈಸ್ ಮೈಸೂರು ಸೀಮೆಯ ಊರೂರು ಅಲೆದು ಎಪಿಗ್ರಾಫಿಯಾ ಕರ್ನಾಟಿಕಾ ಕಟ್ಟಿದಂತೆ ಯಾರಾದರೂ ಈ ಭಂಡಾರದಿಂದ ಬೆಂಗಳೂರಿನ ಸಾಲುಗಳನ್ನು ಆರಿಸಿ, ಅರ್ಥ ಬರೆದು ಪ್ರಕಟಿಸಿದರೆ ಅದು ಕನ್ನಡದ ಕೆಲಸವೇ ಎಂದು ನಮ್ಮ ಅಭಿಪ್ರಾಯ. ಬರೆದವರಲ್ಲಿ ಎಲ್ಲರ ಮನೆಮಾತು ಕನ್ನಡವಾಗಿರಬೇಕಿಲ್ಲ. ಸಿಂಹಾಚಲದ ಕೃಷ್ಣದೇವರಾಯನ ಶಾಸನಗಳೂ ಕನ್ನಡದಲ್ಲಿಲ್ಲ.

ಸತ್ತವನ ಮಹಜರಿಗಾಗಿ ಕಲಿತ ಈ ವಿಳಾಸ ಬದಲಿಸುವ ವಿದ್ಯೆ ಮುಂದೆ ಬೇರೊಂದು ಕೆಲಸಕ್ಕೆ ಬಂತು. ಕರ್ನಲ್ ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ದಾಳಿಕೋರನಿಗೆ ಅನುಕೂಲ. 2014ರ ಮಾರ್ಚಿನಲ್ಲಿ ಬಂದ ಲಿನಕ್ಸ್ 3.14ರಿಂದ ಮುಂದೆ, ಪ್ರತಿ ಸಲ ಏಳುವಾಗಲೂ ಕರ್ನಲ್ ತನ್ನ ಜಾಗವನ್ನು ತಾನೇ ಚೀಟಿ ಎತ್ತಿ ಆರಿಸಿಕೊಳ್ಳುವ ವ್ಯವಸ್ಥೆ ಸೇರಿತು. ಕೆಎಎಸ್‌ಎಲ್‌ಆರ್ ಎಂಬ ಕರ್ಕಶ ಹೆಸರು ಅದಕ್ಕೆ. ಬೀಡರ್‌ಮನ್ ಮತ್ತು ಗೋಯಲ್ ಕಟ್ಟಿದ ಅಡಿಪಾಯದ ಮೇಲೆಯೇ ಅದು ನಿಂತಿದೆ. 2017ರ 4.12ರಿಂದ ಇಂಟೆಲ್ ವಂಶದ ಯಂತ್ರಗಳಲ್ಲಿ ಅದು ತಾನಾಗಿಯೇ ಜಾರಿಯಲ್ಲಿರುತ್ತದೆ. ಹೀಗಾಗಿ ಇಂದು ಬೂಟಿನ ಬೆಳಗಿನ ಹೊತ್ತಿನ ದೋಷ ಹುಡುಕುವವರು ಕ್ಯೂಎಮುವಿನಲ್ಲಿ ಕರ್ನಲ್ಲನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ ನೋಡಹೊರಟರೆ, ಕೈಯಲ್ಲಿರುವ ಹೆಸರು ಮತ್ತು ವಿಳಾಸಗಳ ಪಟ್ಟಿ ಯಂತ್ರದೊಳಗಿನದಕ್ಕೆ ತಾಳೆಯಾಗುವುದಿಲ್ಲ. ನಿಲ್ಲೆಂದು ಗುರುತು ಹಾಕಿದ ಸಾಲಿನಲ್ಲಿ ಯಂತ್ರ ನಿಲ್ಲದೆ ಓಡಿಹೋಗುತ್ತದೆ. ಅದಕ್ಕೆ ಅವರು ಕೆಲಸಕ್ಕೆ ಕೂರುವ ಮೊದಲು ಬೂಟಿನ ಆದೇಶಕ್ಕೆ ‘ನೋಕೆಎಎಸ್‌ಎಲ್‌ಆರ್’ ಎಂಬ ಒಂದು ಪದ ಸೇರಿಸಿ, ಕರ್ನಲ್ಲನ್ನು ಅಷ್ಟು ಹೊತ್ತು ಅದರ ಹಳೆಯ ಗೊತ್ತಾದ ಜಾಗದಲ್ಲಿಯೇ ಇರಿಸಿಕೊಳ್ಳುತ್ತಾರೆ.